ಅಂಟಾಲ್ಯವೋ, ಕಾಶೋ, ಬೊದ್ರುಮೋ? ಟರ್ಕಿಯ ಕಡಲೂರು ಆರಿಸುವ ಮುನ್ನ

ಟರ್ಕಿಯ ಕಡಲತೀರಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಜೊತೆಗೆ ನಾನು, ನನ್ನ ಹೆಂಡತಿ. ಒಟ್ಟು ಎಂಟು ಜನ. ಅಂಟಾಲ್ಯದ ಹತ್ತಿರ ಒಂದು ದೊಡ್ಡ ರೆಸಾರ್ಟಿನಲ್ಲಿ ಐದು ದಿನ ಇದ್ದೆವು. ಊಟ, ತಿಂಡಿ, ಈಜುಕೊಳ, ಮಕ್ಕಳಿಗೆ ಜಾರುಬಂಡಿ, ಎಲ್ಲವೂ ಗೇಟಿನ ಒಳಗೇ. ವಾಪಸ್ಸು ಹೊರಟ ದಿನ ವಿಮಾನ ನಿಲ್ದಾಣದ ದಾರಿಯಲ್ಲಿ ಅಮ್ಮ ವ್ಯಾನಿನ ಕಿಟಕಿಯಿಂದ ಒಂದು ಸಂತೆ ನೋಡಿದರು. ರಾಶಿ ರಾಶಿ ಟೊಮ್ಯಾಟೊ, ದಾಳಿಂಬೆ, ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿಕೊಂಡು ಸೊಪ್ಪು ಮಾರುವ ಅಜ್ಜಿಯರು. "ಇದೇ ಅಲ್ವಾ ಟರ್ಕಿ? ನಾವು ಇಲ್ಲಿಗೆ ಬರಲೇ ಇಲ್ಲವಲ್ಲ" ಎಂದರು.

ಎರಡನೆಯ ಸಲ ನಾವಿಬ್ಬರೇ ಹೋದೆವು. ಕಾಶ್ ಎಂಬ ಪುಟ್ಟ ಊರಿನಲ್ಲಿ ಮನೆಯವರೇ ನಡೆಸುವ ಒಂದು ಪಾನ್ಸಿಯೊನ್‌ನಲ್ಲಿ ಉಳಿದೆವು. ನಮ್ಮ ಹೋಮ್‌ಸ್ಟೇ ಇದ್ದಹಾಗೆ. ಈ ಸಲ ಈಜುಕೊಳ ಇರಲಿಲ್ಲ, ಮೂರು ಮಹಡಿ ಹತ್ತಬೇಕಿತ್ತು, ಎ.ಸಿ. ಸದ್ದು ಮಾಡುತ್ತಿತ್ತು. ಆದರೆ ಆ ಸಂತೆಗೆ ದಿನಾ ಹೋದಹಾಗೇ ಇತ್ತು.

ಅಂದಿನಿಂದ ಯಾರಾದರೂ "ಟರ್ಕಿಯಲ್ಲಿ ಯಾವ ಬೀಚ್ ಚೆನ್ನಾಗಿದೆ?" ಎಂದು ಕೇಳಿದರೆ ನಾನು ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಜೊತೆಯಲ್ಲಿ ಯಾರು ಬರುತ್ತಾರೆ? ಆ ದೇಶದ ಜನರೊಂದಿಗೆ ಎಷ್ಟು ಬೆರೆಯಬೇಕು ಅನ್ನಿಸುತ್ತದೆ? ನೀಲಿ ನೀರು ಎಲ್ಲ ಕಡೆಯೂ ಇದೆ. ಫೋಟೊ ನೋಡಿ ಆರಿಸಿದರೆ ಎಲ್ಲ ಊರೂ ಒಂದೇ ಥರ ಕಾಣುತ್ತವೆ.

ಎರಡು ಸಮುದ್ರ, ಮೂರು ಬಗೆಯ ಊರು

ದಕ್ಷಿಣಕ್ಕೆ ಮೆಡಿಟರೇನಿಯನ್, ಪಶ್ಚಿಮಕ್ಕೆ ಏಜಿಯನ್. ದಕ್ಷಿಣದಲ್ಲಿ ನೀರು ಬೆಚ್ಚಗೆ, ಬೇಸಿಗೆ ಉದ್ದ. ಪಶ್ಚಿಮದಲ್ಲಿ ಗಾಳಿ ಜಾಸ್ತಿ, ನೀರು ಸ್ವಲ್ಪ ತಣ್ಣಗೆ. ಜುಲೈ, ಆಗಸ್ಟ್‌ನಲ್ಲಿ ಅಂಟಾಲ್ಯ ಮಂಗಳೂರಿನ ಮೇ ತಿಂಗಳಿನಂತೆ ಬೆವರು ಇಳಿಸುತ್ತದೆ. ಅದೇ ಹೊತ್ತಿಗೆ ಪಶ್ಚಿಮದ ಚೆಶ್ಮೆಯಲ್ಲಿ ಸಂಜೆ ಗಾಳಿಗೆ ತೆಳುವಾದ ಜಾಕೆಟ್ ಬೇಕಾಗಬಹುದು.

ಅಂಟಾಲ್ಯದಿಂದ ಶುರು ಮಾಡೋಣ, ಏಕೆಂದರೆ ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಇದು ಬರೀ ಬೀಚ್ ಅಲ್ಲ, ದೊಡ್ಡ ನಗರ. ಒಳ್ಳೆಯ ಆಸ್ಪತ್ರೆಗಳಿವೆ, ವಿಮಾನ ನಿಲ್ದಾಣದಿಂದ ಊರೊಳಗೆ ಟ್ರಾಮ್ ಇದೆ, ಹಳೆ ಊರು ಇದೆ. ಆ ಹಳೆ ಊರಿನ ಹೆಸರು ಕಲೇಇಚಿ, ಕೋಟೆಯ ಒಳಗು ಎಂದರ್ಥ. ಗಲ್ಲಿಗಳು ಕಿರಿದು, ಮನೆಗಳು ಹಳೆಯವು, ಬಾಗಿಲಲ್ಲಿ ಕಾಗದದ ಹೂವಿನ ಬಳ್ಳಿ. ರೋಮನ್ ದೊರೆ ಹೇಡ್ರಿಯನ್ ಕ್ರಿ.ಶ. 130ರಲ್ಲಿ ಬಂದ ನೆನಪಿಗೆ ಕಟ್ಟಿದ ಮೂರು ಕಮಾನಿನ ಬಾಗಿಲು ದಾಟಿ ಒಳಗೆ ಹೋಗಬಹುದು. ನಗರದ ಪಶ್ಚಿಮಕ್ಕೆ ಕೊನ್ಯಾಲ್ತಿ ಬೀಚ್. ಮರಳಲ್ಲ, ಉರುಟಾದ ಸಣ್ಣ ಕಲ್ಲುಗಳು. ಹಿಂದೆ ದೊಡ್ಡ ಬೆಟ್ಟಸಾಲು. ಪೂರ್ವಕ್ಕೆ ಲಾರಾ ಬೀಚ್, ಅಲ್ಲಿ ಮರಳು. ಲಾರಾ ದಾರಿಯಲ್ಲೇ ದೂದೆನ್ ಜಲಪಾತ ನೇರವಾಗಿ ಸಮುದ್ರಕ್ಕೆ ಬೀಳುತ್ತದೆ. ಅಪ್ಪ ಆ ಒಂದು ನೋಟಕ್ಕೆ ಅರ್ಧ ಗಂಟೆ ಸುಮ್ನೆ ನಿಂತಿದ್ದರು.

ಅಂಟಾಲ್ಯದಿಂದ ಪೂರ್ವಕ್ಕೆ ಬೆಲೆಕ್, ಸಿದೆ, ಅಲಾನ್ಯಾ ಸಾಲಾಗಿ ಬರುತ್ತವೆ. ಇವು ದೊಡ್ಡ ರೆಸಾರ್ಟುಗಳ ಊರುಗಳು. ಬೆಲೆಕ್ ಗಾಲ್ಫ್ ಆಡುವವರಿಗೆ. ಸಣ್ಣ ಮಕ್ಕಳಿದ್ದರೆ ಮೂರರಲ್ಲಿ ಸಿದೆಯೇ ನನ್ನ ಆಯ್ಕೆ. ಅಲ್ಲಿ ಮರಳು ಮೃದು, ನೀರು ತುಂಬ ದೂರದವರೆಗೆ ಆಳವಿಲ್ಲ, ಸಂಜೆ ಸಮುದ್ರದ ಅಂಚಿನಲ್ಲೇ ಅಪೊಲೊ ದೇಗುಲದ ಕಂಬಗಳ ಹಿಂದೆ ಸೂರ್ಯ ಮುಳುಗುವುದು ನೋಡಬಹುದು. ಅಲಾನ್ಯಾದ ಕ್ಲಿಯೋಪಾತ್ರಾ ಬೀಚ್ ಹೆಸರುವಾಸಿ, ಆದರೆ ಎರಡು ಹೆಜ್ಜೆ ಇಟ್ಟರೆ ಆಳ ಶುರುವಾಗುತ್ತದೆ. ಈಜು ಬಾರದ ಮಕ್ಕಳ ಕೈ ಬಿಡಬೇಡಿ. ಕೊನ್ಯಾಲ್ತಿಯಲ್ಲೂ ಇದೇ ಎಚ್ಚರ ಬೇಕು. ಕಲ್ಲಿನ ಬೀಚ್ ಎಲ್ಲೇ ಇರಲಿ, ನೀರಿಗಿಳಿಯುವ ರಬ್ಬರ್ ಚಪ್ಪಲಿ ತೆಗೆದುಕೊಂಡು ಹೋಗಿ. ನಮ್ಮ ಮಲ್ಪೆ, ಮುರುಡೇಶ್ವರದ ಮರಳಿಗೆ ಒಗ್ಗಿದ ಕಾಲು ಅಲ್ಲಿ ನೋಯುತ್ತದೆ.

ಎರಡನೆಯ ಬಗೆ ಅಂಟಾಲ್ಯದಿಂದ ಪಶ್ಚಿಮಕ್ಕಿರುವ, ಹಳೆಯ ಕಾಲದಲ್ಲಿ ಲಿಕಿಯಾ ಎನ್ನುತ್ತಿದ್ದ ಕರಾವಳಿಯ ಚಿಕ್ಕ ಊರುಗಳು. ಫೆತಿಯೆ, ಓಲುದೆನಿಜ್, ಕಲ್ಕಾನ್, ಕಾಶ್. ಬೆಟ್ಟ ನೇರವಾಗಿ ಸಮುದ್ರಕ್ಕೆ ಇಳಿಯುವ ಜಾಗ ಇದು. ಕಾಶ್ ಎಂದರೆ ಟರ್ಕಿ ಭಾಷೆಯಲ್ಲಿ ಹುಬ್ಬು. ಅಂಟಾಲ್ಯದಿಂದ ಸುಮಾರು 190 ಕಿ.ಮೀ., ಆದರೆ ದಾರಿ ತಿರುವು ತಿರುವಾಗಿರುವುದರಿಂದ ಮೂರೂವರೆ ಗಂಟೆ ಹಿಡಿಯುತ್ತದೆ. ಊರೊಳಗೆ ದೊಡ್ಡ ಬೀಚ್ ಇಲ್ಲ. ಬಂಡೆಯ ಮೇಲೆ ಹಲಗೆ ಹಾಸಿ, ಏಣಿ ಇಳಿಸಿ ಸಮುದ್ರಕ್ಕೆ ಬಿಡುತ್ತಾರೆ. ವಯಸ್ಸಾದವರಿಗೆ, ಮಕ್ಕಳಿಗೆ ಇದು ಕಷ್ಟ. ಹತ್ತಿರದ ಕಪುತಾಶ್ ಬೀಚ್ ಅದ್ಭುತ, ಆದರೆ ರಸ್ತೆಯಿಂದ ಇನ್ನೂರರ ಹತ್ತಿರ ಮೆಟ್ಟಿಲು ಇಳಿಯಬೇಕು, ಮತ್ತೆ ಹತ್ತಬೇಕು. ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬರುವ ಆಸೆಯನ್ನು ಆ ಮೆಟ್ಟಿಲ ಮೇಲೆ ನಿಂತಾಗಲೇ ಬಿಟ್ಟೆ.

ಇದಕ್ಕೆ ಬದಲಾಗಿ ಸಿಗುವುದೇನು? ದೋಣಿಯಲ್ಲಿ ಕೆಕೊವಾ ದ್ವೀಪದ ಕಡೆಗೆ ಹೋದರೆ ನೀರಿನಡಿ ಮುಳುಗಿದ ಹಳೆಯ ಊರಿನ ಮೆಟ್ಟಿಲು, ಗೋಡೆಗಳು ಕಾಣುತ್ತವೆ. ಡೈವಿಂಗ್ ಮಾಡುವವರಿಗೆ ಟರ್ಕಿಯಲ್ಲಿ ಕಾಶ್ ಒಳ್ಳೆಯ ಜಾಗ. ನಡೆಯುವವರಿಗೆ ಲಿಕಿಯಾ ಹಾದಿ ಇದೆ. 1999ರಲ್ಲಿ ಗುರುತು ಹಾಕಿದ, 500 ಕಿ.ಮೀ.ಗೂ ಉದ್ದದ ಕಾಲುದಾರಿ. ಪೂರ್ತಿ ನಡೆಯಬೇಕಿಲ್ಲ, ಒಂದು ಬೆಳಗಿನ ಎರಡು ಗಂಟೆ ಸಾಕು. ಫೆತಿಯೆ ಸ್ವಲ್ಪ ದೊಡ್ಡ ಊರು, ಖರ್ಚೂ ಕಡಿಮೆ, ಮಂಗಳವಾರದ ಸಂತೆ ಬಲು ಜೋರು. ಅಲ್ಲಿಂದ ಅರ್ಧ ಗಂಟೆಯಲ್ಲಿ ಓಲುದೆನಿಜ್. ಬಾಬಾದಾಗ್ ಬೆಟ್ಟದಿಂದ, ಸುಮಾರು 1,700ರಿಂದ 1,900 ಮೀಟರ್ ಎತ್ತರದಿಂದ, ಪ್ಯಾರಾಗ್ಲೈಡಿಂಗ್ ಮಾಡುತ್ತಾರೆ. ಹಾರದವರು ಕೇಬಲ್ ಕಾರಿನಲ್ಲಿ ಮೇಲೆ ಹೋಗಿ ನೋಡಬಹುದು. ಅಪ್ಪ ಅಮ್ಮನ ಜೊತೆ ಲಿಕಿಯಾ ಕಡೆಗೇ ಹೋಗಬೇಕು ಅನ್ನುವವರು ಕಾಶ್ ಬಿಟ್ಟು ಫೆತಿಯೆಯಲ್ಲಿ ಉಳಿಯಿರಿ. ದಾಲಮಾನ್ ವಿಮಾನ ನಿಲ್ದಾಣ ಅಲ್ಲಿಂದ ಒಂದು ಗಂಟೆಯೊಳಗೆ.

ಮೂರನೆಯದು ಏಜಿಯನ್ ಕಡೆ. ಬೊದ್ರುಮ್ ಚೆಂದದ ಊರು. ಬೆಟ್ಟದ ತುಂಬ ಬಿಳಿ ಮನೆಗಳು, ಬಂದರಿನಲ್ಲಿ ಕೋಟೆ, ಕೋಟೆಯೊಳಗೆ ಮುಳುಗಿದ ಹಡಗುಗಳ ವಸ್ತುಸಂಗ್ರಹಾಲಯ. ಕಾಶ್ ಹತ್ತಿರ 1982ರಲ್ಲಿ ಸಿಕ್ಕ, ಮೂರು ಸಾವಿರ ವರ್ಷಕ್ಕೂ ಹಳೆಯ ಉಲುಬುರುನ್ ಹಡಗಿನ ಸಾಮಾನು ಅಲ್ಲಿದೆ. 1925ರಲ್ಲಿ ಇಲ್ಲಿಗೆ ಗಡಿಪಾರಾಗಿ ಬಂದ ಲೇಖಕ ಜೆವತ್ ಶಾಕಿರ್ ಈ ಊರನ್ನು ಪ್ರೀತಿಸಿ ಬಹಳ ವರ್ಷ ಇಲ್ಲೇ ಇದ್ದರು. ಮರದ ದೋಣಿಯಲ್ಲಿ ದಿನಗಟ್ಟಲೆ ಕೊಲ್ಲಿಯಿಂದ ಕೊಲ್ಲಿಗೆ ಅಲೆಯುವ 'ನೀಲಿ ಪಯಣ' ಎಂಬ ರೂಢಿ ಅವರ ಗೆಳೆಯರ ಬಳಗದಿಂದಲೇ ಬೆಳೆದದ್ದು. ಇಷ್ಟೆಲ್ಲ ಇದ್ದರೂ ಬೊದ್ರುಮ್ ದುಬಾರಿ. ಯಾಲಿಕಾವಾಕ್, ತುರ್ಕ್‌ಬುಕು ಕಡೆ ಶ್ರೀಮಂತರ ಹಡಗು ನಿಲ್ಲುತ್ತದೆ, ಬೆಲೆಯೂ ಅವರಿಗೆ ತಕ್ಕಂತೆಯೇ. ಮೊದಲ ಪ್ರವಾಸಕ್ಕೆ ಬೇಡ ಎಂದೇ ನನ್ನ ಅಭಿಪ್ರಾಯ.

ಚೆಶ್ಮೆ ಮತ್ತು ಅಲಾಚಾತಿ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ತೇಲುವ ವಿಂಡ್‌ಸರ್ಫಿಂಗ್‌ಗೆ ಹೆಸರುವಾಸಿ. ಸಸ್ಯಾಹಾರಿಗಳಿಗೂ ಅಲಾಚಾತಿ ಒಳ್ಳೆಯದು, ಏಜಿಯನ್ ಜನ ಕಾಡುಸೊಪ್ಪಿನ ಅಡುಗೆಯಲ್ಲಿ ಪಳಗಿದವರು. ಕುಶಾದಾಸಿಗೆ ಬೀಚಿಗಾಗಿ ಹೋಗಬೇಡಿ. ಹತ್ತಿರದ ಎಫೆಸಸ್ ಎಂಬ ಪ್ರಾಚೀನ ನಗರದ ಅವಶೇಷ ನೋಡಬೇಕಿದ್ದರೆ ಒಂದೆರಡು ರಾತ್ರಿ ಉಳಿಯಿರಿ. ಮರ್ಮಾರಿಸ್‌ನಲ್ಲಿ ರಾತ್ರಿಯೆಲ್ಲ ಸಂಗೀತ. ಅದು ಬೇಕಿದ್ದವರಿಗೆ ಸರಿ.

ಗೇಟಿನ ಒಳಗೋ, ಹೊರಗೋ

ಊರಿಗಿಂತ ದೊಡ್ಡ ಆಯ್ಕೆ ಇದು. 'ಹೆರ್ ಶೇ ದಾಹಿಲ್' ಎಂದರೆ ಎಲ್ಲವೂ ಸೇರಿ. ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ, ಆಮೇಲೆ ಊಟಕ್ಕೆ, ಕುಡಿಯುವುದಕ್ಕೆ, ಆಟಕ್ಕೆ ಹಣ ಕೊಡಬೇಕಿಲ್ಲ. ಮಕ್ಕಳಿರುವ ದೊಡ್ಡ ಸಂಸಾರಕ್ಕೆ ಇದು ನಿಜಕ್ಕೂ ನೆಮ್ಮದಿ. ಬಫೆಯಲ್ಲಿ ಮೂವತ್ತು ಬಗೆ ತರಕಾರಿ, ಚೀಸ್, ಹಣ್ಣು ಇರುವುದರಿಂದ ಸಸ್ಯಾಹಾರಿ ಅಪ್ಪ ಅಮ್ಮ ಹಸಿದು ಮಲಗುವುದಿಲ್ಲ. ನಮ್ಮ ಅನುಭವದಲ್ಲಿ ತಪ್ಪು ರೆಸಾರ್ಟಿನದ್ದಲ್ಲ. ಎಂಟು ಜನರ ಹಣ ಮೊದಲೇ ಕೊಟ್ಟಿದ್ದರಿಂದ ಹೊರಗೆ ಹೋಗಿ ತಿನ್ನಲು ನಮಗೇ ಮನಸ್ಸು ಬರಲಿಲ್ಲ. "ಇಲ್ಲೇ ಇದೆಯಲ್ಲ" ಎಂದು ಐದು ದಿನ ಕಳೆಯಿತು.

ಹಾಗಾಗಿ ಈಗ ನಾನು ಹೇಳುವುದು: ಏಳು ದಿನ ಇದ್ದರೆ ಮೂರು ದಿನ ರೆಸಾರ್ಟು, ನಾಲ್ಕು ದಿನ ಊರೊಳಗೆ. ಮೊದಲು ಊರು, ಆಮೇಲೆ ರೆಸಾರ್ಟು. ತಿರುಗಿ ಸುಸ್ತಾದ ಮೇಲೆ ಈಜುಕೊಳದ ಪಕ್ಕ ಕೂರುವುದು ಹಿತ. ಐದೇ ದಿನ ಇದ್ದರೆ ಕಲೇಇಚಿಯಲ್ಲಿ ಅಥವಾ ಕೊನ್ಯಾಲ್ತಿಯಲ್ಲಿ ಅಡುಗೆಮನೆ ಇರುವ ಒಂದು ಅಪಾರ್ಟ್‌ಮೆಂಟ್ ಹಿಡಿಯಿರಿ. ಅಮ್ಮಂದಿರಿಗೆ ಬೆಳಗ್ಗೆ ಹಾಲು ಹಾಕಿದ ಟೀ ಮಾಡಿಕೊಳ್ಳಲು ಒಂದು ಒಲೆ ಸಿಕ್ಕರೆ ಅರ್ಧ ಪ್ರವಾಸ ಗೆದ್ದಹಾಗೆ.

ಸಮುದ್ರ ದಂಡೆ ಸರ್ಕಾರದ ಸುಪರ್ದಿಯಲ್ಲಿದೆ ಎಂದು ಟರ್ಕಿಯ ಸಂವಿಧಾನವೇ ಹೇಳುತ್ತದೆ, ಎಲ್ಲರೂ ಬಳಸಬಹುದು. ಹಣ ಕೊಡುವುದು ಒರಗುಕುರ್ಚಿಗೆ, ಕೊಡೆಗೆ. 'ಹಾಲ್ಕ್ ಪ್ಲಾಜಿ' ಎಂದು ಫಲಕ ಕಂಡರೆ ಅದು ಸಾರ್ವಜನಿಕ ಬೀಚ್. ಅಲ್ಲಿ ನಿಮ್ಮದೇ ಟವೆಲ್ ಹಾಸಿ ಕೂರಬಹುದು. ಟರ್ಕಿಯ ಮನೆಮಂದಿ ಕಲ್ಲಂಗಡಿ, ಟೀ ಫ್ಲಾಸ್ಕ್ ಹಿಡಿದು ಬರುವುದು ಅಲ್ಲಿಗೇ.

ಬಟ್ಟೆಯ ವಿಚಾರ

ನಮ್ಮ ಹೆಣ್ಣುಮಕ್ಕಳು ಈ ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬೀಚಿನಲ್ಲಿ ಬಿಕಿನಿ ಹಾಕಿದವರೂ ಇರುತ್ತಾರೆ, ತಲೆಯಿಂದ ಪಾದದವರೆಗೆ ಮುಚ್ಚುವ ಈಜುಡುಗೆ 'ಹಾಶೆಮಾ' ಹಾಕಿದವರೂ ಇರುತ್ತಾರೆ. ಪಕ್ಕಪಕ್ಕದಲ್ಲೇ ಈಜುತ್ತಾರೆ, ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಮೈಮುಚ್ಚಿ ಈಜುವುದೇ ನಿಮಗೆ ಇಷ್ಟವಾದರೆ ಟರ್ಕಿಯಷ್ಟು ಸಲೀಸಾದ ಜಾಗ ಯುರೋಪಿನ ಕಡಲತೀರದಲ್ಲಿ ಸಿಗಲಿಕ್ಕಿಲ್ಲ. ಅಂಟಾಲ್ಯದ ಸಾರಿಸುನಲ್ಲಿ ಹೆಂಗಸರಿಗೆ ಮಾತ್ರ ಇರುವ ಬೀಚೂ ಇದೆ.

ಆದರೆ ಬಟ್ಟೆ ಈಜುವ ಬಟ್ಟೆಯೇ ಆಗಿರಬೇಕು. ನಮ್ಮ ಅತ್ತಿಗೆ ಕಾಟನ್ ಲೆಗ್ಗಿಂಗ್ಸ್, ಟೀ ಶರ್ಟಿನಲ್ಲಿ ಕೊಳಕ್ಕೆ ಇಳಿಯಲು ಹೋದಾಗ ಅಲ್ಲಿದ್ದ ಹುಡುಗ ತಡೆದ. ಎಲ್ಲರೆದುರು ಅವರಿಗೆ ಅವಮಾನವಾದಂತಾಯಿತು. ಅವನು ಹೇಳಿದ್ದು ಮೈಮುಚ್ಚಿದ ಬಗ್ಗೆ ಅಲ್ಲ, ಕಾಟನ್ ಬಗ್ಗೆ. ಅದರ ಬಣ್ಣ, ಎಳೆ ನೀರಿಗೆ ಬಿಡುತ್ತದೆ. ಉದ್ದ ತೋಳಿನ ನೈಲಾನ್ ಈಜುಡುಗೆ ಊರಲ್ಲೇ ಕೊಂಡು ಹೋಗಿ, ಅಷ್ಟೇ. ಗಂಡಸರಿಗೂ ಇದೇ ಮಾತು. ಒಳಚಡ್ಡಿ, ಬರ್ಮುಡಾ ನಡೆಯುವುದಿಲ್ಲ.

ಬೀಚಿನಿಂದ ರಸ್ತೆಗೆ ಬಂದ ಕೂಡಲೇ ಮೈಮೇಲೆ ಒಂದು ಅಂಗಿ ಹಾಕಿಕೊಳ್ಳಿ. ಬರಿಮೈಯಲ್ಲಿ ಅಂಗಡಿಗೆ ಹೋಗುವುದು ಅಲ್ಲಿಯವರಿಗೆ ಇಷ್ಟವಾಗುವುದಿಲ್ಲ. ಮಸೀದಿಗೆ ಹೋಗುವಾಗ ಚಪ್ಪಲಿ ಹೊರಗೆ, ಮೊಣಕಾಲು ತೋಳು ಮುಚ್ಚಿರಬೇಕು, ಹೆಂಗಸರು ತಲೆಗೆ ಬಟ್ಟೆ. ನಮ್ಮ ದುಪಟ್ಟಾ ಸಾಕು. ಇನ್ನೊಂದು ಮಾತು, ಗಂಡುಹುಡುಗರ ಗುಂಪಿಗೆ: ಬೀಚಿನಲ್ಲಿ ಬೇರೆಯವರ ಫೋಟೊ ತೆಗೆಯಬೇಡಿ, ನಿಂತು ನೋಡಬೇಡಿ. ನಮ್ಮವರ ಬಗ್ಗೆ ಈ ದೂರನ್ನು ನಾನೇ ಅಲ್ಲಿ ಕೇಳಿದ್ದೇನೆ. ಕೇಳಿ ಬೇಜಾರಾಯಿತು.

ಹೊಟ್ಟೆಗೆ

ಮಾಂಸ ತಿನ್ನುವವರಿಗೆ ಮೂರು ಪದ ಸಾಕು: ಕುಜು ಎಂದರೆ ಕುರಿಮರಿ, ತಾವುಕ್ ಎಂದರೆ ಕೋಳಿ, ದಾನಾ ಎಂದರೆ ಕರುವಿನ ಮಾಂಸ. ಕೊಫ್ತೆ, ದೋನರ್‌ನಲ್ಲಿ ಬಹಳ ಸಲ ದನದ ಮಾಂಸ ಇರುತ್ತದೆ. ತಿನ್ನದವರು ಕೇಳಿಯೇ ತಿನ್ನಿ.

ಸಸ್ಯಾಹಾರಿಗಳಿಗೆ ಸ್ವಲ್ಪ ಜಾಸ್ತಿ ಹೇಳಬೇಕು. "ವೆಜೆತರ್ಯೆನ್" ಎಂದರೆ ಅರ್ಥವಾಗುತ್ತದೆ, ಆದರೆ ಕೆಲವು ಕಡೆ ಕೋಳಿಯನ್ನು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಎತ್ ಯೆಮಿಯೊರುಮ್, ತಾವುಕ್ ದಾ ಯೆಮಿಯೊರುಮ್" ಎನ್ನಿ. ಮಾಂಸ ತಿನ್ನುವುದಿಲ್ಲ, ಕೋಳಿಯನ್ನೂ ತಿನ್ನುವುದಿಲ್ಲ ಎಂದು. ಅನ್ನ ಮತ್ತು ಬೇಳೆ ಸೂಪಿನಲ್ಲಿ ಮಾಂಸದ ಕಟ್ಟು ಹಾಕಿರಬಹುದು. "ಎತ್ ಸುಯು ವಾರ್ ಮಿ?" ಎಂದು ಕೇಳಿ.

ಹೋಟೆಲಿನಲ್ಲಿ 'ಜೆಯ್ತಿನ್‌ಯಾಲಿ' ಎಂಬ ಪಟ್ಟಿ ಹುಡುಕಿ. ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಕೊಡುವ ತರಕಾರಿಗಳು. ಹುರುಳಿಕಾಯಿ, ಬದನೆ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಗೋಜ್ಲೆಮೆ ಅಂತೂ ನಮ್ಮವರಿಗೆ ಹೇಳಿ ಮಾಡಿಸಿದ್ದು. ತೆಳ್ಳಗೆ ಲಟ್ಟಿಸಿದ ರೊಟ್ಟಿಯೊಳಗೆ ಆಲೂಗಡ್ಡೆ, ಪಾಲಕ್, ಚೀಸ್ ಇಟ್ಟು ಕಾವಲಿಯ ಮೇಲೆ ಬೇಯಿಸುತ್ತಾರೆ. ಸಂತೆಯಲ್ಲಿ ಅಜ್ಜಿಯರು ನೆಲದ ಮೇಲೆ ಕೂತು ಲಟ್ಟಿಸುವುದನ್ನು ನೋಡುತ್ತಾ ತಿನ್ನಬೇಕು. ಅಂಟಾಲ್ಯದ ಪಿಯಾಜ್ ಎಂದರೆ ಬಿಳಿ ಕಾಳಿಗೆ ಎಳ್ಳಿನ ತಹೀನಿ ಹಾಕಿದ್ದು, ಬೇರೆ ಊರಿನಲ್ಲಿ ಇದು ಹೀಗಿರುವುದಿಲ್ಲ. ಮೊಟ್ಟೆ ಬೇಡದಿದ್ದರೆ ಮೊದಲೇ ಹೇಳಿ. ಐರಾನ್ ಕುಡಿದರೆ ಉಪ್ಪು ಹಾಕಿದ ನಮ್ಮ ಮಜ್ಜಿಗೆಯೇ, ಕರಿಬೇವು ಮಾತ್ರ ಇಲ್ಲ. ಅಮ್ಮ ದಿನಕ್ಕೆ ನಾಲ್ಕು ಲೋಟ ಕುಡಿದರು. ಖಾರ ಬೇಕೆನಿಸಿದರೆ ಚಟ್ನಿಪುಡಿ ಡಬ್ಬಿ ಬ್ಯಾಗಿನಲ್ಲಿರಲಿ.

ಕುಡಿಯಲು ಬಾಟಲಿ ನೀರು. ಟೀಗೆ ಹಾಲು ಹಾಕುವುದಿಲ್ಲ, ಸೊಂಟ ಸಣ್ಣಗಿರುವ ಗಾಜಿನ ಲೋಟದಲ್ಲಿ ಕೊಡುತ್ತಾರೆ, ಬಾಯಂಚು ಹಿಡಿದು ಕುಡಿಯಿರಿ. ಅಂಗಡಿಯಲ್ಲಿ ಟೀ ಕೊಟ್ಟರೆ ಏನಾದರೂ ಕೊಳ್ಳಲೇಬೇಕು ಎಂದೇನಿಲ್ಲ. ಆದರೆ ಚೌಕಾಸಿ ಮಾಡಿ ಒಂದು ಬೆಲೆಗೆ ಒಪ್ಪಿದ ಮೇಲೆ ಬೇಡ ಎಂದು ಎದ್ದು ಹೋಗುವುದು ಒರಟುತನ. ಸೂಪರ್‌ಮಾರ್ಕೆಟ್ಟಿನಲ್ಲಿ, ಬೆಲೆ ಬರೆದಿಟ್ಟ ಅಂಗಡಿಯಲ್ಲಿ ಚೌಕಾಸಿ ಬೇಡ. ಹೋಟೆಲಿನಲ್ಲಿ ಸುಮಾರು ಶೇ. 10ರಷ್ಟು ಟಿಪ್ಸ್ ಇಡುವುದು ರೂಢಿ.

ಇನ್ನೊಂದು ಸಣ್ಣ ಸಮಾಧಾನ. ಟರ್ಕಿಯ ಕಮೋಡುಗಳಲ್ಲಿ ನೀರಿನ ಸಣ್ಣ ನಳಿಕೆ ಒಳಗೇ ಇರುತ್ತದೆ, ಪಕ್ಕದಲ್ಲಿ ಅದರ ತಿರುಪು. ಯುರೋಪಿಗೆ ಹೋದವರು ಪಡುವ ಪಾಡು ಇಲ್ಲಿಲ್ಲ.

ದೊಲ್ಮುಶೋ, ಬಾಡಿಗೆ ಕಾರೋ

ದೊಲ್ಮುಶ್ ಎಂದರೆ 'ತುಂಬಿದ್ದು'. ನಮ್ಮ ಮ್ಯಾಕ್ಸಿಕ್ಯಾಬ್ ಇದ್ದಹಾಗೆ. ಕೈ ತೋರಿಸಿದರೆ ನಿಲ್ಲುತ್ತದೆ. ಹಿಂದೆ ಕೂತವರು ಹಣವನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ಹೋಗಿ ಚಿಲ್ಲರೆ ಹಾಗೆಯೇ ವಾಪಸ್ಸು ಬರುತ್ತದೆ. ಇಳಿಯುವಾಗ "ಇನೆಜೆಕ್ ವಾರ್" ಎನ್ನಿ. ಇಳಿಯೋರಿದ್ದಾರೆ ಎಂದರ್ಥ. ನಾವು ಬಸ್ಸಿನಲ್ಲಿ ಕೂಗುವುದೂ ಇದನ್ನೇ ಅಲ್ವಾ?

ಫೆತಿಯೆಯಿಂದ ಓಲುದೆನಿಜ್, ಕಾಶ್‌ನಿಂದ ಕಲ್ಕಾನ್, ಸಿದೆಯ ಸುತ್ತಮುತ್ತ, ಇಷ್ಟಕ್ಕೆ ದೊಲ್ಮುಶ್ ಸಾಕು. ಊರಿಂದ ಊರಿಗೆ ದೊಡ್ಡ ಬಸ್ಸುಗಳಿವೆ, ನಿಲ್ದಾಣಕ್ಕೆ 'ಒತೊಗಾರ್' ಎನ್ನುತ್ತಾರೆ. ಟಿಕೆಟ್ ತೆಗೆಯುವಾಗ ಗಂಡೋ ಹೆಣ್ಣೋ ಎಂದು ಕೇಳುತ್ತಾರೆ. ಪರಸ್ಪರ ಪರಿಚಯವಿಲ್ಲದ ಗಂಡಸು, ಹೆಂಗಸರನ್ನು ಅಕ್ಕಪಕ್ಕ ಕೂರಿಸುವುದಿಲ್ಲ. ಒಬ್ಬರೇ ಹೋಗುವ ಹೆಂಗಸರಿಗೆ ಇದು ಅನುಕೂಲ. ಗಂಡ ಹೆಂಡತಿ ಇಬ್ಬರ ಟಿಕೆಟನ್ನೂ ಒಟ್ಟಿಗೇ ತೆಗೆಯಿರಿ.

ಕಾರು ಬೇಕಾಗುವುದು ಲಿಕಿಯಾ ಕಡೆ, ಅದೂ ಮೂರ್ನಾಲ್ಕು ಜನರಿದ್ದರೆ. ಡಿ400 ಹೆದ್ದಾರಿ ಸಮುದ್ರದ ಅಂಚಿನಲ್ಲೇ ಸಾಗುತ್ತದೆ, ಹಲವು ಕಡೆ ನಿಲ್ಲಿಸಿ ನೀರಿಗಿಳಿಯಬಹುದು. ಆದರೆ ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಘಾಟಿಯ ತಿರುವಿನಲ್ಲಿ ಅಭ್ಯಾಸಬಲದಿಂದ ಎಡಕ್ಕೆ ಸರಿದುಬಿಡುವ ಅಪಾಯ ಇದೆ. ಮೊದಲ ದಿನ ಸಂಜೆ ಮೇಲೆ ಓಡಿಸಬೇಡಿ. ಗೇರಿಲ್ಲದ ಕಾರು ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ಅಂಟಾಲ್ಯ ನಗರದಲ್ಲಿ ಕಾರು ಹೊರೆ. ಅಲ್ಲಿ ಟ್ರಾಮ್, ಬಸ್ಸು ಸಾಕು.

ಹುಬ್ಬು ಎತ್ತಿದರೆ ಇಲ್ಲ

ನನಗೆ ತುಂಬ ಗೊಂದಲವಾದದ್ದು ಇದರಲ್ಲೇ. ಟರ್ಕಿಯಲ್ಲಿ 'ಇಲ್ಲ' ಎನ್ನಲು ಬಾಯಿ ತೆರೆಯಬೇಕಿಲ್ಲ. ಹುಬ್ಬು ಎತ್ತಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿ, ನಾಲಿಗೆಯಿಂದ 'ಚ್' ಎಂದು ಸದ್ದು ಮಾಡುತ್ತಾರೆ. ನಮ್ಮಲ್ಲಿ 'ಚ್' ಎಂದರೆ ಅಯ್ಯೋ ಪಾಪ ಅಥವಾ ಬೇಜಾರು. ಅಂಗಡಿಯವನು ಸಿಟ್ಟಾದ ಎಂದುಕೊಂಡು ನಾನು ಎರಡು ಸಲ ಹೊರಗೆ ಬಂದಿದ್ದೆ. ಅವನು ಹೇಳಿದ್ದು ಸಾಮಾನು ಇಲ್ಲ ಎಂದಷ್ಟೇ. ಇತ್ತ ನಾವು ಹೂಂ ಎಂದು ತಲೆಯನ್ನು ಆಚೀಚೆ ಆಡಿಸಿದರೆ ಅವರಿಗೆ ನಮಗೆ ಅರ್ಥವಾಗಲಿಲ್ಲ ಅನ್ನಿಸುತ್ತದೆ. ಮೇಲೆ ಕೆಳಗೆ ತಲೆಯಾಡಿಸಿ, ಅಥವಾ "ಎವೆತ್" ಎನ್ನಿ.

ಭಾಷೆ ಮಾತ್ರ ನಮಗೆ ಬೇರೆಯವರಿಗಿಂತ ಹತ್ತಿರ. ಕನ್ನಡದಂತೆಯೇ ಕ್ರಿಯಾಪದ ಕೊನೆಗೆ, ಪ್ರತ್ಯಯ ಹಿಂದೆ ಹಿಂದೆ ಅಂಟುತ್ತವೆ. ಇದೆ ಎನ್ನಲು 'ವಾರ್', ಇಲ್ಲ ಎನ್ನಲು 'ಯೋಕ್'. "ಚಾಯ್ ವಾರ್ ಮಿ?" ಎಂದರೆ "ಟೀ ಇದೆಯಾ?" ಪದಕ್ಕೆ ಪದ ಕೂರುತ್ತದೆ. ಸಾಬುನ್, ಹಾವಾ, ಮೈದಾನ್, ಮಹಲ್ಲೆ ಇವೆಲ್ಲ ನಮಗೆ ಗೊತ್ತಿರುವವೇ. ಬಿಲ್ ಬೇಕಿದ್ದರೆ "ಹೆಸಾಪ್", ನಮ್ಮ ಹಿಸಾಬು. ಫಲಕ ಓದುವಾಗ ಇಂಗ್ಲಿಷಿನ ಸಿ ಅಕ್ಷರವನ್ನು 'ಜ' ಎನ್ನಿ, ಅದರ ಕೆಳಗೆ ಬಾಲವಿದ್ದರೆ 'ಚ'. ಎಸ್ ಕೆಳಗೆ ಬಾಲವಿದ್ದರೆ 'ಶ'.

ಜನರನ್ನು ನೆಂಟರಂತೆ ಕರೆಯುವುದು ಅಲ್ಲಿಯ ರೂಢಿ ಕೂಡ. ಡ್ರೈವರಿಗೆ 'ಆಬಿ', ಅಣ್ಣ. ಅಂಗಡಿಯ ಹೆಂಗಸಿಗೆ 'ಆಬ್ಲಾ', ಅಕ್ಕ. ವಯಸ್ಸಾದವರಿಗೆ 'ತೆಯ್ಜೆ', 'ಅಮ್ಜಾ'. ಹೆಚ್ಚುಕಡಿಮೆ ನಮ್ಮ ಅಣ್ಣನಂತೆಯೇ ಕೇಳುವ 'ಆನ್ನೆ' ಎಂಬ ಪದಕ್ಕೆ ಅಲ್ಲಿ ಅಮ್ಮ ಎಂದರ್ಥ! ಕೆಲಸ ಮಾಡುತ್ತಿರುವವರನ್ನು ದಾಟಿ ಹೋಗುವಾಗ "ಕೊಲಾಯ್ ಗೆಲ್ಸಿನ್" ಎನ್ನಿ. ಕೆಲಸ ಹಗುರಾಗಲಿ ಎಂಬ ಹಾರೈಕೆ. ಅಡುಗೆ ಮಾಡಿದವರಿಗೆ "ಎಲಿನಿಜೆ ಸಾಲಿಕ್", ನಿಮ್ಮ ಕೈಗೆ ಆರೋಗ್ಯವಿರಲಿ. ರೊಟ್ಟಿ ಮಾಡುವ ಅಜ್ಜಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುವುದನ್ನು ನೀವೇ ನೋಡಬೇಕು.

ಮಕ್ಕಳ ಕೆನ್ನೆ ಹಿಂಡುತ್ತಾರೆ, ಎತ್ತಿಕೊಳ್ಳುತ್ತಾರೆ, ತಿಂಡಿ ಕೊಡುತ್ತಾರೆ. ಹೆದರಬೇಡಿ. ಹೊಗಳುವಾಗ ದೃಷ್ಟಿ ಬೀಳದಿರಲಿ ಎಂದು "ಮಾಶಾಲ್ಲಾಹ್" ಎನ್ನುತ್ತಾರೆ. ಎಲ್ಲೆಲ್ಲೂ ಕಾಣುವ ನೀಲಿ ಗಾಜಿನ ಕಣ್ಣೂ ದೃಷ್ಟಿಮಣಿಯೇ. ಬೀದಿಯ ಬೆಕ್ಕು, ನಾಯಿಗಳನ್ನು ಊರೇ ಸಾಕುತ್ತದೆ, ಹೋಟೆಲಿನಲ್ಲಿ ಪಕ್ಕದ ಕುರ್ಚಿಯಲ್ಲಿ ಬೆಕ್ಕು ಕೂತಿದ್ದರೆ ಎಬ್ಬಿಸಬೇಡಿ.

ಕೆಲವು ವಿಚಾರದಲ್ಲಿ ಸಡಿಲ ಬೇಡ. ಟರ್ಕಿ ಗಣರಾಜ್ಯ ಕಟ್ಟಿದ ಅತಾತುರ್ಕ್ ಬಗ್ಗೆ, ಧ್ವಜದ ಬಗ್ಗೆ ಹಗುರವಾಗಿ ಮಾತಾಡಬೇಡಿ, ಅತಾತುರ್ಕ್ ಅವರನ್ನು ಅವಮಾನಿಸುವುದು ಕಾನೂನಿನಲ್ಲೂ ಅಪರಾಧ. ಅವರು ತೀರಿಕೊಂಡ ಗಳಿಗೆಯ ನೆನಪಿಗೆ ನವೆಂಬರ್ 10ರ ಬೆಳಗ್ಗೆ 9.05ಕ್ಕೆ ಸೈರನ್ ಕೂಗಿದಾಗ ಇಡೀ ಊರು ನಿಲ್ಲುತ್ತದೆ, ನೀವೂ ನಿಲ್ಲಿ. ಹಾಳು ಗುಡಿಗಳ ನಡುವೆ ನಡೆಯುವಾಗ ಒಂದು ಅಮೃತಶಿಲೆಯ ಚೂರೂ ಜೇಬಿಗೆ ಹಾಕಬೇಡಿ, ಯಾರಾದರೂ ಹಳೆ ನಾಣ್ಯ ಮಾರಲು ಬಂದರೆ ಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗಬಹುದು.

ದಾಲ್ಯಾನ್ ಹತ್ತಿರದ ಇಜ್‌ತುಜು ಬೀಚಿನಲ್ಲಿ ಕರೆತ್ತಾ ಎಂಬ ಜಾತಿಯ ಕಡಲಾಮೆಗಳು ಮೊಟ್ಟೆ ಇಡುತ್ತವೆ. 1980ರ ದಶಕದಲ್ಲಿ ಅಲ್ಲಿ ದೊಡ್ಡ ಹೋಟೆಲ್ ಏಳುವುದಿತ್ತು, ಜೂನ್ ಹೈಮಾಫ್ ಎಂಬ ಮಹಿಳೆ ಮತ್ತು ಇತರರು ಹೋರಾಡಿ ತಪ್ಪಿಸಿದರು. ಮೊಟ್ಟೆ ಇಡುವ ತಿಂಗಳುಗಳಲ್ಲಿ ರಾತ್ರಿ ಬೀಚ್ ಮುಚ್ಚಿರುತ್ತದೆ. ಗುರುತು ಹಾಕಿದ ಜಾಗದಲ್ಲಿ ಕೊಡೆ ನೆಡಬೇಡಿ, ಮರಳು ಅಗೆಯಬೇಡಿ. ಹೊನ್ನಾವರದ ಕಾಸರಕೋಡು ತೀರದಲ್ಲಿ ಕಡಲಾಮೆ ಗೂಡು ಕಾಯುವವರನ್ನು ಬಲ್ಲವರಿಗೆ ಇದನ್ನು ಹೇಳಬೇಕಿಲ್ಲ.

ಯಾವಾಗ, ಯಾವ ಕಾಗದದೊಂದಿಗೆ

ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಆಮೇಲೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ದಸರಾ ರಜೆ ಇದಕ್ಕೆ ಸರಿಯಾಗಿ ಹೊಂದುತ್ತದೆ, ದಕ್ಷಿಣದಲ್ಲಿ ನೀರು ಆಗಲೂ ಬೆಚ್ಚಗಿರುತ್ತದೆ. ರಂಜಾನ್, ಬಕ್ರೀದ್ ಹಬ್ಬದ ರಜೆಗಳಲ್ಲಿ ಟರ್ಕಿಯವರೇ ಕಡಲಿಗೆ ಬರುತ್ತಾರೆ, ಕೋಣೆ ಸಿಗುವುದಿಲ್ಲ. ಹಬ್ಬದ ದಿನಾಂಕ ವರ್ಷವರ್ಷ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತದೆ, ಟಿಕೆಟ್ ತೆಗೆಯುವ ಮೊದಲು ಕ್ಯಾಲೆಂಡರ್ ನೋಡಿ. ಚಳಿಗಾಲದಲ್ಲಿ ಚಿಕ್ಕ ಊರುಗಳಲ್ಲಿ ಅರ್ಧ ಅಂಗಡಿ ಮುಚ್ಚಿರುತ್ತವೆ.

ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಅಥವಾ ವಾಸದ ಪರವಾನಗಿ ಇರುವ ಭಾರತೀಯರಿಗೆ ಇ-ವೀಸಾ ಸಿಗುತ್ತದೆ. ಉಳಿದವರು ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಮಾಡಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಇ-ವೀಸಾ 30 ದಿನದ್ದು, ಒಂದೇ ಸಲ ಒಳಗೆ ಬರಲು. ಇದರಲ್ಲಿ ಒಂದು ಸಿಕ್ಕು ಇದೆ. ಕಾಶ್ ಎದುರಿಗೇ ಗ್ರೀಸಿನ ಮೈಸ್ ದ್ವೀಪ ಕಾಣುತ್ತದೆ, ಬೊದ್ರುಮ್ ಎದುರು ಕೋಸ್. ಷೆಂಗೆನ್ ವೀಸಾ ಇದೆಯಲ್ಲ, ಬೆಳಗ್ಗೆ ದೋಣಿಯಲ್ಲಿ ಹೋಗಿ ಸಂಜೆ ಬರೋಣ ಎಂದುಕೊಂಡರೆ, ಹೋಗುವುದು ಸುಲಭ, ಅದೇ ಟರ್ಕಿ ವೀಸಾದಲ್ಲಿ ವಾಪಸ್ಸು ಬರಲಾಗುವುದಿಲ್ಲ. ನಿಮ್ಮ ಸೂಟ್‌ಕೇಸ್ ಈ ದಡದಲ್ಲಿ, ನೀವು ಆ ದಡದಲ್ಲಿ.

ಲೀರಾದ ಬೆಲೆ ಬೇಗ ಬೇಗ ಬದಲಾಗುತ್ತದೆ, ಹಳೆಯ ಬೆಲೆಪಟ್ಟಿ ನಂಬಿ ಲೆಕ್ಕ ಹಾಕಬೇಡಿ. ಕಾರ್ಡ್ ಹೆಚ್ಚಿನ ಕಡೆ ನಡೆಯುತ್ತದೆ, ಆದರೆ ದೊಲ್ಮುಶ್ ಮತ್ತು ಸಂತೆಗೆ ನಗದು ಬೇಕು. ಯಂತ್ರ ರೂಪಾಯಿಯಲ್ಲಿ ಕಡಿಯಲೇ ಎಂದು ಕೇಳಿದರೆ ಬೇಡ, ಲೀರಾದಲ್ಲೇ ಕಡಿ ಎಂದು ಒತ್ತಿ. ತುರ್ತಿಗೆ 112.

ಕಾಶ್‌ನಿಂದ ಹೊರಟ ಬೆಳಗ್ಗೆ ನಮ್ಮ ಪಾನ್ಸಿಯೊನ್‌ನ ತೆಯ್ಜೆ ಒಂದು ಚೀಲದಲ್ಲಿ ಅಂಜೂರ ತುಂಬಿಕೊಟ್ಟರು. ನಮ್ಮ ಟ್ಯಾಕ್ಸಿ ಹೊರಟ ಕೂಡಲೇ ಒಂದು ತಂಬಿಗೆ ನೀರನ್ನು ಅದರ ಹಿಂದೆ ರಸ್ತೆಗೆ ಚೆಲ್ಲಿದರು. ಡ್ರೈವರ್ ಆಬಿ ಕನ್ನಡಿಯಲ್ಲಿ ನೋಡಿ ಹೇಳಿದ: ನೀರಿನಂತೆ ಹೋಗಿ, ನೀರಿನಂತೆ ಬನ್ನಿ ಎಂದು ಹೀಗೆ ಚೆಲ್ಲುತ್ತಾರೆ. ನನ್ನ ಹೆಂಡತಿ ಕಿಟಕಿ ಇಳಿಸಿ ತಿರುವಿನವರೆಗೂ ಕೈ ಬೀಸುತ್ತಿದ್ದಳು.